ಮಳೆಗಾಲದ ಕಾರವಾರದಲ್ಲಿ ಎಂಬಾಸಿಂಗ್ ಸೆಟ್: ಯಾವುದು ಬಾಳುತ್ತದೆ, ಯಾವುದು ಕೈಕೊಡುತ್ತದೆ

ಕಾಗದದ ಮೇಲೆ ಉಬ್ಬು ವಿನ್ಯಾಸ ಮೂಡಿಸುವುದೇ ಎಂಬಾಸಿಂಗ್. ಕೈಯಿಂದ ತಿರುಗಿಸುವ ಎಂಬಾಸಿಂಗ್ ಯಂತ್ರ ಒಂದು, ನಡುವೆ ಕಾಗದ ಇಟ್ಟು ಒತ್ತುವ ವಿನ್ಯಾಸದ ಫೋಲ್ಡರ್ ಆರು, ಹೀಟ್ ಗನ್ ಒಂದು, ಬಣ್ಣವಿಲ್ಲದ ಇಂಕಿನ ಪ್ಯಾಡ್, ಬಂಗಾರ, ಬೆಳ್ಳಿ, ಕ್ಲಿಯರ್ ಎಂದು ಮೂರು ಡಬ್ಬಿ ಎಂಬಾಸಿಂಗ್ ಪುಡಿ, ಒಂದು ಡಬ್ಬಿ ಟೆಕ್ಸ್ಚರ್ ಪೇಸ್ಟ್, ಎರಡು ಸ್ಟೆನ್ಸಿಲ್, ಕೆಲವು ಅಚ್ಚು, ಇಪ್ಪತ್ತು ಹಾಳೆ ದಪ್ಪ ಕಾಗದ. ಇಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕಾರ್ಡ್ ಮೇಕಿಂಗ್ ಸೆಟ್ ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಹೆಚ್ಚುಕಡಿಮೆ ಇದೇ ಸಾಮಾನು ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳಲ್ಲಿ ಬರುವುದರಿಂದ ಹೆಸರಿನ ಗೊಡವೆಗೆ ಹೋಗದೆ, ಒಳಗಿನ ಒಂದೊಂದು ವಸ್ತು ನಮ್ಮ ಕರಾವಳಿಯ ಹವೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಬರೆದಿದೆ.

ಮೊದಲೇ ತೀರ್ಪು ಹೇಳಿಬಿಡುವುದಾದರೆ: ಯಂತ್ರ, ಹೀಟ್ ಗನ್, ಇಂಕ್ ಪ್ಯಾಡ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪುಡಿಯಲ್ಲಿ ಎರಡು ಚೆನ್ನ, ಒಂದು ಸುಮಾರು. ಫೋಲ್ಡರ್‌ನಲ್ಲಿ ಮೂರು ಮಾತ್ರ ಮತ್ತೆ ಮತ್ತೆ ಕೈಗೆ ಬರುತ್ತವೆ. ಪೇಸ್ಟು, ಕಾಗದ ಎರಡೂ ಬೇಡ. ಬಿಡಿಬಿಡಿಯಾಗಿ ಕೊಳ್ಳಲು ಸಾಧ್ಯವಿದ್ದರೆ ಯಂತ್ರವನ್ನೂ ಗನ್ನನ್ನೂ ಕೊಂಡು, ಉಳಿದ ಹಣವನ್ನು ಒಳ್ಳೆಯ ಕಾಗದಕ್ಕೆ ಹಾಕುವುದು ಜಾಣತನ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸೆಟ್ ಜೊತೆ ಬರುವ ಸೂಚನೆಯ ಚೀಟಿಯನ್ನು ಒಣಹವೆಯ ಊರಿನವರಿಗಾಗಿ ಬರೆದ ಹಾಗಿದೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕರಿದಿಟ್ಟ ಹಪ್ಪಳ ಊಟ ಮುಗಿಯುವುದರೊಳಗೆ ಮೆತ್ತಗಾಗುವ ಊರಿನಲ್ಲಿ ಕಾಗದ ಮಾತ್ರ ಗರಿಗರಿಯಾಗಿ ಉಳಿದೀತೇ? ಕಾಗದದ ನಾರು ಗಾಳಿಯ ತೇವ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಒತ್ತಿ ಎಬ್ಬಿಸುವ ಉಬ್ಬು ಇರಲಿ, ಪುಡಿ ಕರಗಿಸಿ ಮಾಡುವ ಉಬ್ಬು ಇರಲಿ, ಪೇಸ್ಟ್ ಬಳಿದು ಮಾಡುವ ಉಬ್ಬು ಇರಲಿ, ಮೂರರ ಹಣೆಬರಹವನ್ನೂ ಬರೆಯುವುದು ಈ ತೇವವೇ. ಸೆಟ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ಅರ್ಧಕ್ಕರ್ಧ ಸಾಮಾನಿನ ತಪ್ಪಲ್ಲ, ತೇವದ್ದು.

ಮೊದಲು ಯಂತ್ರ. ಬಾಯಿಯ ಅಗಲ 15 ಸೆಂ.ಮೀ.ಗಿಂತ ತುಸು ಹೆಚ್ಚು, ಅಂದರೆ ಸಿಜಿಕ್ಸ್ ಕಂಪನಿಯ ಬಿಗ್ ಶಾಟ್‌ನಷ್ಟೇ. ಕಾರ್ಡ್ ಮಾಡುವವರಿಗೆ ಸರಿಯಾದ ಅಳತೆ ಇದೇ. 7-8 ಸೆಂ.ಮೀ. ಬಾಯಿಯ ಪುಟ್ಟ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳಲ್ಲಿ ಎ6 ಕಾರ್ಡಿನ ಮುಖಪುಟ ಹಿಡಿಸುವುದಿಲ್ಲ. ಪಟ್ಟಿ, ಸಣ್ಣ ಹೂವು, ಉಡುಗೊರೆಗೆ ಕಟ್ಟುವ ಚೀಟಿ ಇಷ್ಟಕ್ಕೇ ಸರಿ. ಯಂತ್ರದ ಅಡಿಯ ಸಕ್ಷನ್ ಕಪ್ ನುಣುಪಾದ ಟೈಲ್ಸ್ ಮೇಲೆ, ಸನ್‌ಮೈಕಾ ಮೇಲೆ ಕಚ್ಚಿ ಕೂರುತ್ತದೆ. ಹಳೆಯ ಮರದ ಮೇಜಿನ ಮೇಲೆ ಜಾರುತ್ತದೆ, ಆಗ ಕೆಳಗೊಂದು ಟೈಲ್ಸ್ ತುಂಡು ಇಟ್ಟುಕೊಂಡರೆ ಆಯಿತು.

ಒಳಗಿನ ಎರಡು ಉರುಳೆಗಳ ನಡುವಿನ ಅಂತರ ಬದಲಾಗುವುದಿಲ್ಲ. ಒತ್ತಡ ಹೆಚ್ಚುಕಡಿಮೆ ಮಾಡುವುದೆಲ್ಲ ನಡುವೆ ತೂರಿಸುವ ಪದರಗಳ ದಪ್ಪದಿಂದ. ಈ ಸೆಟ್ಟಿನಲ್ಲಿ ಕೆಳಗೆ ದಪ್ಪ ಬಿಳಿ ಹಲಗೆ, ಅದರ ಮೇಲೆ ಫೋಲ್ಡರ್, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಪ್ಲೇಟ್. ಫೋಲ್ಡರಿನ ಮಡಿಕೆ ಇರುವ ಬದಿ ಮೊದಲು ಒಳಗೆ ಹೋಗಬೇಕು. ಬಾಯಿ ತೆರೆದ ಬದಿ ಮೊದಲು ಹೋದರೆ ಎರಡು ಪದರ ಜಾರಿ ವಿನ್ಯಾಸ ಜೋಡಿ ಜೋಡಿಯಾಗಿ ಮೂಡುತ್ತದೆ. ಉಬ್ಬು ತೆಳುವಾಗಿ ಬಂದರೆ ಪದರಕ್ಕೆ ಒಂದು 200 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ) ಹಾಳೆ ಸೇರಿಸಿ ನೋಡಿ. ಸಾಲದಿದ್ದರೆ ಇನ್ನೊಂದು. ಹಿಡಿಕೆ ತಿರುಗಿಸಲು ಮೊಣಕೈ ಬಲ ಬೇಕಾಗುತ್ತಿದೆ ಎಂದರೆ ಪದರ ದಪ್ಪವಾಗಿದೆ, ಹಿಂದಕ್ಕೆ ತಿರುಗಿಸಿ ಒಂದು ಹಾಳೆ ತೆಗೆಯಿರಿ. ಬಲವಂತ ಮಾಡಿದರೆ ಪ್ಲೇಟ್ ಸೀಳುತ್ತದೆ, ಇಲ್ಲವೇ ಹಿಡಿಕೆಯ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ತಿರುಗಿಸುವಾಗ ಸಣ್ಣಗೆ ಟಕ್ ಟಕ್ ಎನ್ನುವುದು ಸಹಜ. ಪ್ಲೇಟ್ ಒಂದೇ ಬದಿಯಲ್ಲಿ ಬಳಸುತ್ತ ಹೋದರೆ ಬಿಲ್ಲಿನಂತೆ ಬಾಗುತ್ತದೆ, ಪ್ರತಿ ಸಲ ಮಗುಚಿ ಹಾಕಿ.

ಫೋಲ್ಡರ್ ಆರರಲ್ಲಿ ಇಟ್ಟಿಗೆ ಗೋಡೆ, ಎಲೆ, ಚುಕ್ಕಿ ಈ ಮೂರು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಇಟ್ಟಿಗೆ ಗೋಡೆಯದನ್ನು ಕೆಂಪು-ಕಂದು ಕಾಗದದ ಮೇಲೆ ಒತ್ತಿದರೆ ಥೇಟ್ ಚಿರೆಕಲ್ಲಿನ ಗೋಡೆ. ಒಳಗೆ ಬಿಳಿ, ಮೇಲೆ ಬಣ್ಣ ಇರುವ ಕಾಗದವಾದರೆ ಇನ್ನೂ ಒಂದು ಕೆಲಸ ಮಾಡಬಹುದು: ಒತ್ತಿದ ಮೇಲೆ 320 ನಂಬರಿನ ಮರಳು ಕಾಗದವನ್ನು ಬೆರಳಿಗೆ ಸುತ್ತಿ ಹಗುರವಾಗಿ ತಿಕ್ಕಿದರೆ ಉಬ್ಬಿದ ಜಾಗದ ಬಣ್ಣ ಮಾತ್ರ ಹೋಗಿ ಬಿಳಿ ಕಾಣುತ್ತದೆ, ಕಲ್ಲಿಗೆ ವಯಸ್ಸಾದಂತೆ. ಪೂರ್ತಿ ಒಂದೇ ಬಣ್ಣದ ಕಾಗದದಲ್ಲಿ ಇದು ಆಗುವುದಿಲ್ಲ. ಹಿಮದ ಹರಳಿನ ಫೋಲ್ಡರ್ ಡಿಸೆಂಬರಿಗೆ ಸರಿ. ಕಾರವಾರ, ಅಂಕೋಲಾ, ಹೊನ್ನಾವರ ಕಡೆ ಕ್ರಿಸ್‌ಮಸ್ ಕಾರ್ಡ್ ಮಾಡುವವರಿಗೆ ಬೇಕಾಗುತ್ತದೆ. ಗುಲಾಬಿಯದು ಎಲ್ಲ ಕಡೆ ಒಂದೇ ಆಳ ಇರುವುದರಿಂದ ಹೂವಿನಂತೆ ಕಾಣದೆ ಜಾಲರಿಯಂತೆ ಕಾಣುತ್ತದೆ. ಇಂಗ್ಲಿಷ್ ಹುಟ್ಟುಹಬ್ಬದ ಅಕ್ಷರಗಳದ್ದು ಬೇಕಾದವರಿಗೆ ಬೇಕು.

ಫೋಲ್ಡರ್ ವಿಷಯದಲ್ಲಿ ಅಳತೆಯ ಒಂದು ತೊಡಕಿದೆ, ಮೊದಲ ಸಲ ಎಲ್ಲರೂ ಎಡವುವುದು ಇಲ್ಲೇ. ಈ ಫೋಲ್ಡರುಗಳು ಅಮೆರಿಕದ ಕಾರ್ಡಿನ ಅಳತೆಗೆ ಮಾಡಿದವು: ನಾಲ್ಕೂಕಾಲು ಇಂಚಿಗೆ ಐದೂವರೆ ಇಂಚು, ಅಂದರೆ ಸುಮಾರು 10.8 x 14 ಸೆಂ.ಮೀ. ನಮ್ಮಲ್ಲಿ ಎ5 ಹಾಳೆ ಮಡಚಿದರೆ ಬರುವ ಎ6 ಕಾರ್ಡ್ 10.5 x 14.8. ಉದ್ದದಲ್ಲಿ 8 ಮಿಲಿಮೀಟರ್ ಕೊರತೆ. ಕಾರ್ಡನ್ನೇ ನೇರವಾಗಿ ಒತ್ತಿದರೆ ಒಂದು ತುದಿಯಲ್ಲಿ ಸಪಾಟು ಪಟ್ಟಿ ಉಳಿದು, ಫೋಲ್ಡರಿನ ಅಂಚು ಗೀಟಿನಂತೆ ಬೀಳುತ್ತದೆ. ದಾರಿ ಹೀಗಿದೆ: ಮುಖದ ತುಂಡನ್ನು 10.5 x 14 ಸೆಂ.ಮೀ. ಕತ್ತರಿಸಿ ಒತ್ತಿ, ಆಮೇಲೆ 9.5 x 13.5ಕ್ಕೆ ಟ್ರಿಮ್ ಮಾಡಿ, 10 x 14ರ ಬೇರೆ ಬಣ್ಣದ ತೆಳು ಹಾಳೆಯ ಮೇಲೆ ಅಂಟಿಸಿ, ಅದನ್ನು ಕಾರ್ಡಿನ ಮೇಲೆ ಕೂರಿಸಿ. ಮೊದಲು ಒತ್ತುವುದು, ಆಮೇಲೆ ಕತ್ತರಿಸುವುದು. ಉಬ್ಬು ಎದ್ದಾಗ ಕಾಗದ ತುಸು ಕುಗ್ಗಿ ಅಂಚು ಸೊಟ್ಟಗಾಗುತ್ತದೆ, ಮೊದಲೇ ಅಳತೆಗೆ ಕತ್ತರಿಸಿಟ್ಟರೆ ಮೂಲೆ ಕೂಡುವುದಿಲ್ಲ.

ಒತ್ತುವ ಕೆಲಸಕ್ಕೆ ಮಳೆಗಾಲದ ತೇವ ಅರ್ಧ ಗೆಳೆಯ, ಅರ್ಧ ವೈರಿ. ಬೇಸಿಗೆಯಲ್ಲಿ, ಅದರಲ್ಲೂ ಘಟ್ಟದ ಮೇಲೆ ಶಿರಸಿ ಕಡೆ ಫೆಬ್ರುವರಿ-ಮಾರ್ಚ್‌ನ ಒಣ ದಿನಗಳಲ್ಲಿ, 250 ಜಿಎಸ್ಎಂ ಕಾಗದ ಒತ್ತಿದರೆ ಉಬ್ಬಿನ ನೆತ್ತಿಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಒಣ ನಾರು ಹಿಗ್ಗದೆ ಹರಿಯುವುದೇ ಕಾರಣ. ಒಂದಡಿ ದೂರದಿಂದ ಎರಡೂ ಬದಿಗೆ ಒಂದೊಂದು ಸಲ ನೀರಿನ ತುಂತುರು ಹೊಡೆದು, ಅರ್ಧ ನಿಮಿಷ ಬಿಟ್ಟು ಒತ್ತಿದರೆ ಬಿರುಕು ನಿಲ್ಲುತ್ತದೆ. ಸೂಚನೆಯ ಚೀಟಿಯಲ್ಲಿ ಹೇಳಿರುವುದೂ ಇದನ್ನೇ. ಆದರೆ ಜುಲೈ ತಿಂಗಳ ಕಾರವಾರದಲ್ಲಿ ಅದೇ ಮಾತು ಪಾಲಿಸಿದರೆ ಕೆಲಸ ಕೆಟ್ಟಿತು. ಕಾಗದದಲ್ಲಿ ಆಗಲೇ ಸಾಕಷ್ಟು ತೇವ ಇರುತ್ತದೆ, ತುಂತುರು ಬಿದ್ದರೆ ಹಸಿ ಜಾಸ್ತಿಯಾಗಿ ಫೋಲ್ಡರಿನ ಚೂಪು ಭಾಗ ಕಾಗದವನ್ನು ತೂತು ಮಾಡುತ್ತದೆ. ನೀರಿಲ್ಲದೆ ಒತ್ತಿದರೆ ಉಬ್ಬು ಬೆಣ್ಣೆಯಂತೆ ಏಳುತ್ತದೆ. ಎದ್ದದ್ದು ನಿಲ್ಲಬೇಕಲ್ಲ! ಒದ್ದೆ ನಾರು ಒಣಗುವ ಮೊದಲೇ ಹೊರಗಿಟ್ಟರೆ ಒಂದೆರಡು ದಿನದಲ್ಲಿ ಉಬ್ಬು ತಗ್ಗಿ, ಬೆರಳಿಗೆ ಮಾತ್ರ ಸಿಗುವಷ್ಟಾಗುತ್ತದೆ. ಒತ್ತಿದ ತಕ್ಷಣ ಹೀಟ್ ಗನ್ನನ್ನು 10 ಸೆಂ.ಮೀ. ದೂರ ಹಿಡಿದು ಹಿಂಬದಿಗೆ ಹತ್ತು ಸೆಕೆಂಡ್ ಆಡಿಸಿ. ನಾರು ಆ ಆಕಾರದಲ್ಲೇ ಒಣಗಿ ಬಿಗಿಯುತ್ತದೆ. ಆಮೇಲೆ ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿ ಮುಚ್ಚಿ. ಸ್ಟೀಲ್ ಡಬ್ಬಿ ಒಂದಕ್ಕೆ 100 ಗ್ರಾಂ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು.

ಉಬ್ಬಿದ ತುಂಡಿನ ಹಿಂದೆ ನೀರಿನ ಅಂಟು ಬಳಿಯಲೇಬೇಡಿ. ಅಂಟಿನ ತೇವ ಉಬ್ಬನ್ನು ಇಳಿಸುತ್ತದೆ, ಒತ್ತಿ ಅಂಟಿಸುವ ಕೈ ಉಳಿದದ್ದನ್ನೂ ಇಳಿಸುತ್ತದೆ. ಅಂಚಿನ ಸುತ್ತ ಡಬಲ್ ಸೈಡ್ ಟೇಪ್, ನಡುವೆ ಎರಡು-ಮೂರು ತುಂಡು ಫೋಮ್ ಟೇಪ್ ಹಾಕುವುದು ಸರಿ.

ಸೆಟ್ ಜೊತೆಗಿನ ಕಾಗದ ಯಾಕೆ ಬೇಡ ಎಂದರೆ, ಅದು ಮೇಲೆ ನುಣುಪು ಲೇಪ ಇರುವ ಆರ್ಟ್ ಕಾರ್ಡ್. ಒತ್ತಿದರೆ ಲೇಪ ಬಿರಿಯುತ್ತದೆ, ಮಡಚಿದರೆ ಬೆನ್ನು ಬಿಳಿಯಾಗಿ ಸುಲಿಯುತ್ತದೆ. ಊರಿನ ಸ್ಟೇಷನರಿ ಅಂಗಡಿಯಲ್ಲಿ ಐವರಿ ಶೀಟ್ ಎಂದು ಕೇಳಿದರೆ ಸಿಗುವ, ಲೇಪವಿಲ್ಲದ 220-250 ಜಿಎಸ್ಎಂ ಕಾಗದ ಇದಕ್ಕಿಂತ ಎಷ್ಟೋ ವಾಸಿ. ಲಗ್ನಪತ್ರಿಕೆಗೆ ಬಳಸುವ ಮೆಟಾಲಿಕ್ ಹಾಳೆ ಇನ್ನೂ ಒಳ್ಳೆಯದು, ಉಬ್ಬಿನ ಒಂದು ಮಗ್ಗುಲು ಬೆಳಕು ಹಿಡಿದು ಇನ್ನೊಂದು ಮಗ್ಗುಲು ನೆರಳಾಗಿ ವಿನ್ಯಾಸ ಎದ್ದು ಕಾಣುತ್ತದೆ. ಪ್ರಿಂಟಿಂಗ್ ಪ್ರೆಸ್‌ನವರ ಹತ್ತಿರ ಕತ್ತರಿಸಿ ಉಳಿದ ತುಂಡು ಕೇಳಿನೋಡಿ. 9.5 ಸೆಂ.ಮೀ. ಅಗಲದ ಮುಖದ ತುಂಡಿಗೆ ಅವು ಧಾರಾಳ.

ಹಾಳೆ ಕತ್ತರಿಸುವಾಗ ಜಿಪುಣತನ ಮಾಡಿದರೆ ಮಡಿಕೆಯಲ್ಲಿ ಸೇಡು ತೀರಿಸಿಕೊಳ್ಳುತ್ತದೆ. 22 x 28 ಇಂಚಿನ ಹಾಳೆಯಲ್ಲಿ ಎ5 ತುಂಡಿನ ಗಿಡ್ಡ ಬದಿಯನ್ನು ಹಾಳೆಯ ಗಿಡ್ಡ ಬದಿಗೆ ಕೂಡಿಸಿ ಕತ್ತರಿಸಿದರೆ ಒಂಬತ್ತು ತುಂಡು ಬರುತ್ತವೆ. ಅಡ್ಡ ತಿರುಗಿಸಿದರೆ ಎಂಟೇ. ಎಲ್ಲರೂ ಒಂಬತ್ತಕ್ಕೇ ಕೈಹಾಕುತ್ತಾರೆ. ಆದರೆ ಕಾಗದಕ್ಕೆ ಮರದ ಹಾಗೆ ಎಳೆ ಇರುತ್ತದೆ. ಕಾರ್ಡಿನ ಮಡಿಕೆ ಎಳೆಯ ಜೊತೆಗೇ ಸಾಗಬೇಕು, ಎಳೆ ಕಡಿದು ಮಡಚಿದರೆ ಮಡಿಕೆ ಗರಗಸದ ಹಲ್ಲಿನಂತೆ ಸೀಳುತ್ತದೆ. ಹಾಳೆಯನ್ನು ಮುರಿಯದಂತೆ ಎರಡೂ ಕಡೆ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಮಡಿಕೆ ಆ ಕಡೆಗೆ. ಎಳೆ ಹಾಳೆಯ ಉದ್ದಕ್ಕೆ ಇದ್ದರೆ ಎಂಟಕ್ಕೇ ತೃಪ್ತಿಪಡಬೇಕು. ಮಡಚುವ ಮೊದಲು ಇಂಕ್ ಖಾಲಿಯಾದ ಬಾಲ್ ಪೆನ್ನಿನಿಂದ ಸ್ಕೇಲ್ ಹಿಡಿದು ಗೀಟು ಎಳೆಯಿರಿ. ಮಡಿಕೆ ತೀಡುವ ಬೋನ್ ಫೋಲ್ಡರ್ ಇಲ್ಲದವರಿಗೆ ಸ್ಟೀಲ್ ಚಮಚದ ಬೆನ್ನು ಸಾಕು.

ಇನ್ನು ಈ ಸೆಟ್ಟಿನ ನಿಜವಾದ ಜೀವ: ಹೀಟ್ ಗನ್ ಮತ್ತು ಪುಡಿ. ಲಗ್ನಪತ್ರಿಕೆಯ ಮೇಲೆ ಬೆರಳಾಡಿಸಿದರೆ ತಟ್ಟುವ ಬಂಗಾರದ ಅಕ್ಷರವನ್ನು ಪ್ರೆಸ್ಸಿನಲ್ಲಿ ಥರ್ಮೋಗ್ರಫಿ ಎನ್ನುತ್ತಾರೆ. ಹಸಿ ಇಂಕಿನ ಮೇಲೆ ಪುಡಿ ಉದುರಿಸಿ ಕಾಯಿಸುವುದು, ತತ್ವ ಒಂದೇ. ಪುಡಿ ಎಂದರೆ ಬಣ್ಣ ಸೇರಿಸಿದ ನುಣ್ಣನೆಯ ರಾಳ. ಬಿಸಿಗೆ ಕರಗಿ ಒಂದಕ್ಕೊಂದು ಕೂಡಿ, ಆರಿದಾಗ ಗಟ್ಟಿ ಉಬ್ಬಾಗುತ್ತದೆ.

ಕ್ರಮ ಹೀಗೆ. ಮೊದಲು ಸೀಲಿಂಗ್ ಫ್ಯಾನ್ ಆರಿಸಿ. ಕರಾವಳಿಯ ಮನೆಗಳಲ್ಲಿ ಇದು ಕಷ್ಟದ ಮಾತೇ, ಆದರೂ ಇದನ್ನು ಬಿಟ್ಟರೆ ಮುಂದಿನದೆಲ್ಲ ಗಾಳಿಪಾಲು. ಕಾಗದಕ್ಕೆ ಗನ್ನಿನಿಂದ 10 ಸೆಂ.ಮೀ. ದೂರದಲ್ಲಿ ಹತ್ತು ಸೆಕೆಂಡ್ ಬಿಸಿ ತೋರಿಸಿ, ಪೂರ್ತಿ ಆರಲು ಬಿಡಿ. ತೆಳು ಹತ್ತಿ ಬಟ್ಟೆಯಲ್ಲಿ ಎರಡು ಚಮಚ ಟಾಲ್ಕಂ ಪೌಡರ್ ಕಟ್ಟಿ ಆ ಗಂಟನ್ನು ಕಾಗದದ ಮೇಲೆಲ್ಲ ಒರೆಸಿ. ಬೆರಳಿನ ಜಿಡ್ಡು, ತೇವ ಇರುವ ಕಡೆ ಪುಡಿ ಕಚ್ಚಬಾರದು ಎಂದು ಈ ಉಪಾಯ. ಅಚ್ಚನ್ನು ಪ್ಯಾಡಿಗೆ ತಟ್ಟಿ, ಕಾಗದದ ಮೇಲೆ ನೆಟ್ಟಗೆ ಒತ್ತಿ, ನೆಟ್ಟಗೇ ಎತ್ತಿ. ಸೆಟ್ಟಿನ ಪ್ಯಾಡ್ ಚೆನ್ನಾಗಿದೆ, ಇಂಕ್ ಅಂಟಂಟಾಗಿದ್ದು ನಿಧಾನ ಒಣಗುತ್ತದೆ. ಕಚೇರಿಯಲ್ಲಿ ಬಳಸುವ ಸ್ಟಾಂಪ್ ಪ್ಯಾಡಿನ ಇಂಕ್ ಕಾಗದಕ್ಕೆ ಇಳಿದು ಬೇಗ ಒಣಗುವುದರಿಂದ ಪುಡಿ ಹಿಡಿಯುವುದಿಲ್ಲ. ಒಂದೆರಡು ನಿಮಿಷದೊಳಗೆ ಪುಡಿ ಧಾರಾಳವಾಗಿ ಸುರಿದು, ಹೆಚ್ಚಾದದ್ದನ್ನು ಮಡಚಿದ ಹಾಳೆಯ ಮೇಲೆ ಬೀಳಿಸಿ ಡಬ್ಬಿಗೆ ವಾಪಸ್ ಹಾಕಿ. ಹಿಂಬದಿಗೆ ಬೆರಳಿನಿಂದ ಒಂದು ಪೆಟ್ಟು. ಅಲ್ಲಿ ಇಲ್ಲಿ ಉಳಿದ ಕಣಗಳನ್ನು ಒಣ ಕುಂಚದ ತುದಿಯಿಂದ ತೆಗೆಯಿರಿ. ಈಗ ತೆಗೆಯದ ಕಣ ಕರಗಿದ ಮೇಲೆ ಹೋಗುವುದಿಲ್ಲ.

ಗನ್ನನ್ನು ಬೇರೆ ಕಡೆ ಮುಖಮಾಡಿ 20-30 ಸೆಕೆಂಡ್ ಕಾಯಿಸಿಕೊಂಡು ಆಮೇಲೆ ಕಾಗದಕ್ಕೆ ಹಿಡಿಯಿರಿ. ತಣ್ಣನೆಯ ಗನ್ ಹತ್ತಿರ ಒಯ್ದರೆ ಕರಗುವ ಮೊದಲೇ ಪುಡಿ ಹಾರಿಹೋಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಕೆಲಸಕ್ಕೆ ಬಾರದಿರುವುದೂ ಇದಕ್ಕೇ, ಅದರಲ್ಲಿ ಗಾಳಿ ಜಾಸ್ತಿ, ಬಿಸಿ ಕಡಿಮೆ. 3-5 ಸೆಂ.ಮೀ. ದೂರದಲ್ಲಿ ಓರೆಯಾಗಿ ಹಿಡಿದು ಒಂದು ತುದಿಯಿಂದ ಆರಂಭಿಸಿ. ಮೊದಲ ಕೆಲವು ಸೆಕೆಂಡ್ ಏನೂ ಆಗುವುದಿಲ್ಲ. ಬಂಗಾರದ ಪುಡಿ ಸಣ್ಣ ರವೆಯಂತೆ ಮಂಕಾಗಿ ಕೂತಿರುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಕಣಗಳು ನಡುಗಿದಂತಾಗಿ, ಅವುಗಳ ನಡುವಿನ ಸಂದು ಮುಚ್ಚಿ, ಒದ್ದೆ ಹೊಳಪು ಹುಟ್ಟುತ್ತದೆ. ಆ ಹೊಳಪು ಗೆರೆಯ ಗುಂಟ ಹರಿಯುತ್ತ ಮುಂದೆ ಹೋಗುತ್ತದೆ. ಅದರ ಹಿಂದೆಯೇ ಗನ್ ಸರಿಸುತ್ತ ಹೋಗಬೇಕು, ಹೊಳೆದ ಜಾಗದಲ್ಲಿ ಒಂದು ಕ್ಷಣವೂ ನಿಲ್ಲಬಾರದು. ನಿಂತರೆ ಕರಗಿದ ಪುಡಿ ಕಾಗದದೊಳಗೆ ಇಂಗಿ, ಬೋಂಡಾ ಇಟ್ಟ ಕಾಗದದಂತೆ ಜಿಡ್ಡುಕಲೆ ಮಾತ್ರ ಉಳಿಯುತ್ತದೆ. ಹಾಗಾದ ಕಾರ್ಡನ್ನು ಸರಿಮಾಡಲು ಬರುವುದಿಲ್ಲ. ಬಿಸಿ ಕಡಿಮೆಯಾಗಿ ತರಿತರಿಯಾಗಿ ಉಳಿದದ್ದನ್ನಾದರೆ ಮತ್ತೆ ಕಾಯಿಸಿ ಸರಿಮಾಡಬಹುದು, ಆದ್ದರಿಂದ ಕಡಿಮೆಯ ಕಡೆಗೇ ಇರಿ.

ಮಳೆಗಾಲದಲ್ಲಿ ಕಾಗದ ಒಣಗಿಸದೆ ಕಾಯಿಸಿದರೆ ಮೇಲ್ಬದಿ ಮಾತ್ರ ಒಣಗಿ ಕುಗ್ಗುವುದರಿಂದ ಕಾರ್ಡ್ ದೋಣಿಯಂತೆ ಮೇಲಕ್ಕೆ ಬಾಗುತ್ತದೆ. ತೇವ ತೀರಾ ಹೆಚ್ಚಿದ್ದರೆ ಆವಿ ಹೊರಬರುವಾಗ ಉಬ್ಬಿನ ಮೇಲೆ ಸೂಜಿಮೊನೆಯಷ್ಟು ಗುಳ್ಳೆ ಏಳುತ್ತವೆ. ಎರಡಕ್ಕೂ ಮದ್ದು ಒಂದೇ, ಮೊದಲೇ ಒಣಗಿಸುವುದು. ಬಾಗಿದ್ದನ್ನು ಸರಿಮಾಡಲು ಹಿಂಬದಿಗೆ ಸ್ವಲ್ಪ ಬಿಸಿ ತೋರಿಸಿ, ಉಬ್ಬು ಪೂರ್ತಿ ಆರಿದ ಮೇಲೆ ಪುಸ್ತಕದ ಕೆಳಗೆ ಇಡಿ.

ಗನ್ನಿನ ಬಗ್ಗೆ ಇನ್ನೆರಡು ಮಾತು. 230 ವೋಲ್ಟ್, 300 ವ್ಯಾಟ್ ಎಂದು ಮೈಮೇಲೆ ಬರೆದಿದೆಯೇ ನೋಡಿಕೊಳ್ಳಿ. ಹೊರದೇಶದಿಂದ ತರಿಸಿದ 110 ವೋಲ್ಟಿನದು ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟೇಹೋಗುತ್ತದೆ. 300 ವ್ಯಾಟ್ ಆದ್ದರಿಂದ ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ. ಅದೂ ಇಲ್ಲದೆ ಕರೆಂಟ್ ಹೋದ ದಿನ ದೋಸೆ ಕಾವಲಿ ಕಾಯಿಸಿ, ಒಲೆ ಆರಿಸಿ, ಕಾರ್ಡಿನ ಬೆನ್ನು ಕೆಳಗೆ ಮಾಡಿ ಕಾವಲಿಗೆ ಒಂದು ಬೆರಳಷ್ಟು ಮೇಲೆ ಹಿಡಿದರೂ ಪುಡಿ ಕರಗುತ್ತದೆ. ಉರಿ ಇರುವಾಗ ಮಾತ್ರ ಬೇಡವೇ ಬೇಡ. ಕೈಗೆ ಬಿಸಿ ತಾಗದಂತೆ ಬಟ್ಟೆಯ ಕ್ಲಿಪ್ ಹಾಕಿಕೊಳ್ಳಿ.

ಪುಡಿಗಳಲ್ಲಿ ಬಂಗಾರದ್ದು ನುಣ್ಣಗಿದ್ದು ಗೆರೆ ಚೂಪಾಗಿ ನಿಲ್ಲುತ್ತದೆ. ಕ್ಲಿಯರ್ ಪುಡಿ ಬಣ್ಣದ ಕಾಗದದ ಮೇಲೆ ಅದೇ ಬಣ್ಣದ ಗಾಢ ಛಾಯೆ ಕೊಡುತ್ತದೆ, ಮೀನುಬಲೆ, ಅಲೆಯಂಥ ವಿನ್ಯಾಸಕ್ಕೆ ಬಲು ಚೆಂದ. ಬೆಳ್ಳಿಯದರಲ್ಲಿ ಕಣ ಒಂದೇ ಸಮ ಇಲ್ಲ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಅದನ್ನು ದೊಡ್ಡ ಆಕಾರಗಳಿಗೆ ಇಟ್ಟುಕೊಳ್ಳಿ.

ಕನ್ನಡ ಅಕ್ಷರದ ಪ್ರಶ್ನೆ ಬರುವುದು ಇಲ್ಲೇ. ಸೆಟ್ಟಿನ ಅಚ್ಚುಗಳೆಲ್ಲ ಇಂಗ್ಲಿಷ್. ಕನ್ನಡದ್ದು ಬೇಕೆಂದರೆ ರಬ್ಬರ್ ಸ್ಟಾಂಪ್ ಮಾಡುವ ಅಂಗಡಿಯಲ್ಲಿ ಮಾಡಿಸಬೇಕು. ಮರದ ಹಿಡಿಕೆಯದನ್ನೇ ಕೇಳಿ. ಒಳಗೇ ಇಂಕ್ ತುಂಬಿರುವ ಬಗೆ ಇದಕ್ಕೆ ಆಗುವುದಿಲ್ಲ. ಅಕ್ಷರದ ಗಾತ್ರದಲ್ಲಿ ಎಚ್ಚರ ಬೇಕು, ಕರಗಿದ ಪುಡಿ ಗೆರೆಯ ಎರಡೂ ಬದಿಗೆ ತುಸು ಹರಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಇದರಿಂದ ಹೆಚ್ಚು ನಷ್ಟವಿಲ್ಲ. ಕನ್ನಡದಲ್ಲಿ ‘ಶುಭಾಶಯ’ದ ‘ಭಾ’ಗೆ ಹೊಟ್ಟೆ ಸೀಳುವ ಪುಟ್ಟ ಗೀಟು ಮುಚ್ಚಿಹೋಗಿ ‘ಶುಬಾಶಯ’ ಆಗುತ್ತದೆ. ‘ಹುಟ್ಟುಹಬ್ಬ’ದ ಒತ್ತಕ್ಷರಗಳು ಎರಡು ಗುಳಿಗೆಯಂತೆ ಉಂಡೆಕಟ್ಟುತ್ತವೆ. ಅಷ್ಟು ಪ್ರೀತಿಯಿಂದ ಮಾಡಿದ ಕಾರ್ಡಿನಲ್ಲಿ ಕಾಗುಣಿತ ತಪ್ಪಿದಂತೆ ಕಂಡರೆ ಹೊಟ್ಟೆ ಉರಿಯುತ್ತದೆ. ಒತ್ತು ಬಿಟ್ಟು ಮೂಲ ಅಕ್ಷರವೇ ಕನಿಷ್ಠ 6 ಮಿಲಿಮೀಟರ್ ಎತ್ತರ ಇರಲಿ, ಗೆರೆ ಸಣ್ಣ ಇರಲಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿ. ಸೂಕ್ಷ್ಮ ಗೆರೆಗೆಂದೇ ಡಿಟೇಲ್ ಎಂಬ ಹೆಸರಿನಲ್ಲಿ ಬರುವ ಇನ್ನೂ ನುಣ್ಣನೆಯ ಪುಡಿ ಬಳಸಿದರೆ 4 ಮಿಲಿಮೀಟರ್‌ವರೆಗೂ ಇಳಿಯಬಹುದು.

ಟೆಕ್ಸ್ಚರ್ ಪೇಸ್ಟ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದೋಸೆ ಹಿಟ್ಟಿನಷ್ಟು ತೆಳು, ಸ್ಟೆನ್ಸಿಲ್ ಅಡಿಗೆ ಹರಿದು ಅಂಚು ಕೆಡಿಸುತ್ತದೆ. ಚಮಚದಲ್ಲಿ ಎತ್ತಿ ಮಗುಚಿದರೆ ಬೀಳದೆ ನಿಲ್ಲುವುದೇ ಒಳ್ಳೆಯ ಪೇಸ್ಟ್. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಮೂರು ಪಾಲು ಟಾಲ್ಕಂ ಪೌಡರ್, ಒಂದು ಪಾಲು ಫೆವಿಕಾಲ್, ಒಂದು ಪಾಲು ಬಿಳಿ ಅಕ್ರಿಲಿಕ್ ಬಣ್ಣ. ಗಂಟಿಲ್ಲದಂತೆ ಕಲಸಿ ಅಂದಿಗೆ ಬೇಕಾದಷ್ಟೇ ಮಾಡಿ. ಮೈದಾ ಅಂಟು ಸೇರಿಸುವ ಹಳೆಯ ಪದ್ಧತಿ ನಮ್ಮ ಹವೆಗೆ ಸಲ್ಲ. ವಾರದೊಳಗೆ ಬೂಷ್ಟು ಬರುತ್ತದೆ, ಜಿರಲೆ ಮುತ್ತುತ್ತವೆ. ಬಳಿಯುವ ದಪ್ಪ ಒಂದು ಮಿಲಿಮೀಟರ್ ಮೀರದಿರಲಿ. ದಪ್ಪಗೆ ಬಳಿದರೆ ಮೇಲ್ಪದರ ಮೊದಲು ಒಣಗಿ, ಒಳಗಿನದು ಆಮೇಲೆ ಕುಗ್ಗುವಾಗ ಗದ್ದೆ ಬಿರಿದಂತೆ ಬಿರಿಯುತ್ತದೆ. ಬೇಸಿಗೆಯಲ್ಲಿ ಮೂರು ತಾಸು ಸಾಕು. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ಬೇಕು. ಬೇಗ ಆಗಲಿ ಎಂದು ಹೀಟ್ ಗನ್ ಹಿಡಿದರೆ ಗುಳ್ಳೆ ಏಳುತ್ತದೆ. ಪೇಸ್ಟಿಗೆ 300 ಜಿಎಸ್ಎಂ ಕಾಗದವೇ ಬೇಕು. ಸ್ಟೆನ್ಸಿಲ್ ತೆಗೆದ ಕೂಡಲೇ ನೀರಿಗೆ ಹಾಕಿ.

ಬಿಳಿ ಎಂಬಾಸಿಂಗ್ ಪುಡಿ ಸೆಟ್ಟಿನಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಯಾಕೆಂದರೆ ನಮ್ಮ ಭಾಗದ ವಿನ್ಯಾಸಗಳಲ್ಲಿ ಕಾರ್ಡಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಹಸೆ ಚಿತ್ತಾರ. ಶಿರಸಿ, ಸಿದ್ದಾಪುರ, ಸಾಗರ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಕಲೆ ಅದು. ನೇರ ಗೆರೆ, ಓರೆ ಗೆರೆ, ಚೌಕ, ಕೆಂಪಿನ ಮೇಲೆ ಬಿಳಿ. ಗೋಡೆಯ ಮೇಲೆ ಆ ಬಿಳಿ ಗೆರೆ ತುಸು ಎದ್ದೇ ನಿಂತಿರುತ್ತದೆ, ಎಂಬಾಸಿಂಗ್‌ನಲ್ಲಿ ಅದೇ ಗುಣ ಬರುತ್ತದೆ. ಬಿಳಿ ಪುಡಿಯನ್ನೂ ನಿಧಾನ ಒಣಗುವ ಇಂಕಿನ ಎಂಬಾಸಿಂಗ್ ಪೆನ್ನನ್ನೂ ಬೇರೆ ಕೊಂಡು, ಕೆಂಪು-ಕಂದು 250 ಜಿಎಸ್ಎಂ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಚೌಕಟ್ಟು ಹಾಕಿಕೊಳ್ಳಿ. ಒಂದು ಸಲಕ್ಕೆ ನಾಲ್ಕೈದು ಗೆರೆ ಎಳೆದು, ಪುಡಿ ಹಾಕಿ, ಕರಗಿಸಿ, ಆರಿದ ಮೇಲೆ ಮುಂದಿನ ಗೆರೆಗೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಎಳೆದರೆ ಅಂಗೈ ತಾಗಿ ಹಸಿ ಇಂಕ್ ಮೆತ್ತುತ್ತದೆ. ಗೆರೆ ಒಂದೂವರೆ ಮಿಲಿಮೀಟರ್ ದಪ್ಪ, ನಡುವೆ ಅಷ್ಟೇ ಜಾಗ. ಕಾರ್ಡಿನ ಹಿಂದೆ ಇದು ಯಾರ ಕಲೆ ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ಅಂಟಿಸುವ ಅಲಂಕಾರಕ್ಕೆ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ಒಳ್ಳೆಯದು. ತೂಕವೇ ಇಲ್ಲ, ಬ್ಲೇಡಿನಲ್ಲಿ ಹೂವಿನ ಎಸಳು ಕತ್ತರಿಸಬಹುದು. ಒಣಗಿದ ಬಾಳೆಪಟ್ಟೆಯೂ ಆಗುತ್ತದೆ. ಆದರೆ ಇವನ್ನಾಗಲಿ ಅಡಿಕೆ ಹಾಳೆಯನ್ನಾಗಲಿ ಯಂತ್ರದೊಳಗೆ ತೂರಿಸಬೇಡಿ. ಬೆಂಡು ಅಪ್ಪಚ್ಚಿಯಾಗುತ್ತದೆ, ಅಡಿಕೆ ಹಾಳೆ ಪ್ಲೇಟನ್ನೇ ಸೀಳುತ್ತದೆ.

ಕಡಲ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಟ್ಯಾಗೋರ್ ಬೀಚಿನಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ ಇದ್ದರೂ ಕತ್ತರಿಸುವ ಲೋಹದ ಡೈಗಳು, ಯಂತ್ರದ ಸ್ಕ್ರೂ, ಉರುಳೆಯ ತುದಿ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಸವರಿ. ಎಣ್ಣೆ ಸವರಿದ ಡೈಯನ್ನು ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ ಓಡಿಸಿ, ಇಲ್ಲದಿದ್ದರೆ ಒಳ್ಳೆಯ ಕಾಗದಕ್ಕೆ ಕಲೆ.

ಕೊನೆಗೆ ಅಂಚೆ. 250 ಜಿಎಸ್ಎಂನ ಎ5 ಹಾಳೆ ಸುಮಾರು 7.8 ಗ್ರಾಂ, ಮುಖದ ತುಂಡು 3.2, ನಡುವಿನ 120 ಜಿಎಸ್ಎಂ ಹಾಳೆ 1.7, 100 ಜಿಎಸ್ಎಂ ಲಕೋಟೆ ಹೆಚ್ಚುಕಡಿಮೆ 5. ಒಟ್ಟು 18 ಗ್ರಾಂ ಹತ್ತಿರ. ಸಾಧಾರಣ ಪತ್ರದ ಮೊದಲ ದರ 20 ಗ್ರಾಂವರೆಗೆ, ಅಂದರೆ ಟೇಪು, ಪುಡಿ, ಪೇಸ್ಟಿಗೆಲ್ಲ ಉಳಿಯುವುದು ಎರಡೇ ಗ್ರಾಂ. ಪೇಸ್ಟಿನ ಕಾರ್ಡಿಗೆ 300 ಜಿಎಸ್ಎಂ ಬಳಸಿದರೆ ಮಿತಿ ದಾಟುವುದು ಖಚಿತ, ಕೌಂಟರಿನಲ್ಲೇ ತೂಗಿಸಿ ಸ್ಟಾಂಪ್ ಹಚ್ಚಿ. ಉಬ್ಬಿನ ಮೇಲೆ ಬಟರ್ ಪೇಪರ್ ಇಡಿ, ಪ್ಲಾಸ್ಟಿಕ್ ಹಾಳೆ ಇಟ್ಟರೆ ಒಳಗೆ ತೇವ ಕಟ್ಟುತ್ತದೆ. ಇನ್ನೊಂದು, ಅಂಚೆಯವರು ಮೊಹರು ಬಡಿಯುವುದು ಲಕೋಟೆಯ ಬಲಮೇಲಿನ ಮೂಲೆಗೆ. ಆ ಪೆಟ್ಟು ಕೆಳಗಿನ ಉಬ್ಬನ್ನು ಚಪ್ಪಟೆ ಮಾಡುತ್ತದೆ, ಕರಗಿ ಗಟ್ಟಿಯಾದ ಪುಡಿಯಾದರೆ ಒಡೆದು ಚಕ್ಕೆ ಏಳುತ್ತದೆ. ವಿನ್ಯಾಸ ಹಾಕುವಾಗಲೇ ಆ ಮೂಲೆಗೆ ಬರುವ 3 ಸೆಂ.ಮೀ. ಚೌಕವನ್ನು ಸಪಾಟಾಗಿ ಬಿಟ್ಟು, ಕಾರ್ಡ್ ಯಾವ ಮಗ್ಗುಲಾಗಿ ಲಕೋಟೆಗೆ ಹೋಗಬೇಕು ಎಂದು ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಮಾಡಿಟ್ಟುಕೊಳ್ಳಿ.